ಬಲೆಯ ಕಣ್ಣು

ಚಳಿಗಾಲದ ಬೆಳಗ್ಗೆ ಚಿಂತಾಮಣಿಯ ನಮ್ಮ ಮನೆಯ ಮಹಡಿಯ ಮೇಲೆ ನಿಂತು ಅಂಬಾಜಿದುರ್ಗದ ಕಡೆ ನೋಡಿದರೆ ಬೆಟ್ಟ ಸೊಂಟದಿಂದ ಕೆಳಕ್ಕೆ ಕಾಣಿಸುವುದೇ ಇಲ್ಲ. ಎಲ್ಲ ಮಂಜು. ಬಿಸಿಲೇರುತ್ತ ಬಂದಂತೆ ಮಂಜು ಹರಿದು, ಕೊನೆಗೆ ಅದರ ಒಂದೆರಡು ಎಳೆಗಳು ಮಾತ್ರ ಬಂಡೆಗಳ ಸಂದಿನಿಂದ ಮೇಲೇಳುತ್ತಿರುತ್ತವೆ. ಯಾರೋ ಕುರಿ ಕಾಯುವವರು ಅಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಾಕಿರಬೇಕೆಂದು ಊರಿಗೆ ಹೊಸಬರಾದವರು ಹೇಳುವುದುಂಟು. ಹಳಬನಾದ ನಾನೂ ಎಷ್ಟೋ ಸಲ ಮೋಸಹೋಗಿದ್ದೇನೆ.

ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಹನ್ನೆರಡನೆಯ ಶತಮಾನದ ಶ್ರೀಹರ್ಷ ತನ್ನ ‘ಖಂಡನಖಂಡಖಾದ್ಯ’ದಲ್ಲಿ ಈ ಪಾಠವನ್ನೇ ಹಿಡಿದು ತಾರ್ಕಿಕರನ್ನು ಕಾಡಿದ. ಒಬ್ಬಾತ ಮಂಜನ್ನು ಹೊಗೆಯೆಂದು ಭ್ರಮಿಸಿ, ಅಲ್ಲಿ ಬೆಂಕಿಯಿದೆ ಎಂದ. ಅಲ್ಲಿ ನಿಜವಾಗಿಯೂ ಬೆಂಕಿಯಿತ್ತು. ಅವನು ಆಡಿದ ಮಾತಂತೂ ಸತ್ಯವೇ. ಹಾಗಾದರೆ ಬೆಂಕಿಯಿರುವುದು ಅವನಿಗೆ ತಿಳಿದಿತ್ತು ಎನ್ನಬಹುದೆ? ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆಗಳಿವೆ ಎಂದು ಕೇಳಿದಾಗ ಬಾಯಿಗೆ ಬಂದ ಸಂಖ್ಯೆ ಹೇಳಿ, ಅದೇ ಸರಿಯಾಗಿ ಬಿಟ್ಟವನ ಉದಾಹರಣೆಯೂ ಅಲ್ಲಿದೆ.

ಇದನ್ನು ನಾನು ಬಹುಕಾಲ ಪಂಡಿತರ ವಿನೋದವೆಂದೇ ಎಣಿಸಿದ್ದೆ. ಮೊನ್ನೆ ಒಂದು ಭಾನುವಾರ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ಬಂದು, ನಮ್ಮ ಊಟದ ಮೇಜಿನ ಮೇಲೆ ತನ್ನ ಗಣಕಯಂತ್ರವನ್ನು ತೆರೆದಿಟ್ಟು ಕುಳಿತಾಗ, ವಿನೋದದ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲವೆಂದು ತಿಳಿಯಿತು.

ಅವಳ ಕೆಲಸ ಏನೆಂಬುದನ್ನು ಮೊದಲು ಹೇಳಬೇಕು. ದೇಹದೊಳಗಿನ ಕ್ಯಾನ್ಸರ್ ಗಂಟನ್ನು ರೇಡಿಯೋ ಅಲೆಗಳಿಂದ ಹದವಾಗಿ ಕಾಯಿಸುವ ಒಂದು ಚಿಕಿತ್ಸೆಯಿದೆ. ಗಂಟನ್ನು ಸುಮಾರು 40ರಿಂದ 45 ಡಿಗ್ರಿಯವರೆಗೆ ಬೆಚ್ಚಗೆ ಮಾಡಿದರೆ, ಅದರ ಜೊತೆಗೆ ಕೊಡುವ ವಿಕಿರಣ ಚಿಕಿತ್ಸೆಗೋ ಔಷಧಕ್ಕೋ ಹೆಚ್ಚು ಬಲ ಬರುತ್ತದೆ. ಬಿಸಿಯಾಗಬೇಕಾದದ್ದು ಗಂಟು, ಪಕ್ಕದ ಮಾಂಸ ಬೇಯಬಾರದು. ಬದುಕಿರುವ ಮನುಷ್ಯನ ಒಳಗೆ ಎಲ್ಲೆಂದರಲ್ಲಿ ಉಷ್ಣಮಾಪಕ ಚುಚ್ಚಿ ನೋಡುವಂತಿಲ್ಲ. ಆದ್ದರಿಂದ ಅಲೆ ಎಲ್ಲಿ ಹೊಕ್ಕು, ಎಲ್ಲಿ ಬಾಗಿ, ಎಲ್ಲಿ ತನ್ನ ಬಿಸಿಯನ್ನು ಇಳಿಸುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ನೋಡುತ್ತಾರೆ. ಆ ಲೆಕ್ಕದ ದಾರಿಯನ್ನು ಹಸನು ಮಾಡುವುದು ಅವಳ ಸಂಶೋಧನೆ. ಪರದೆಯ ಮೇಲೆ ಒಂದು ತೊಡೆಯ ಅಡ್ಡಕೊಯ್ತದ ಚಿತ್ರವಿತ್ತು. ಅದರೊಳಕ್ಕೆ ಕೆಂಪು ನೀಲಿ ಅಲೆಗಳು, ಕೆರೆಗೆ ಕಲ್ಲು ಹಾಕಿದಾಗ ಏಳುವಂತೆ ಎದ್ದು, ಕೊಬ್ಬನ್ನು ದಾಟಿ, ಮೂಳೆಯ ಹತ್ತಿರ ತಡವರಿಸಿ ಮುಂದೆ ಹೋಗುತ್ತಿದ್ದವು. ನೋಡಲು ಬಹಳ ಚೆನ್ನಾಗಿತ್ತು.

“ಇದನ್ನು ಯಾರು ಕಂಡರು, ಅಮ್ಮಣ್ಣಿ?” ಎಂದೆ.

“ಯಾರೂ ಕಂಡಿಲ್ಲ ತಾತ. ಲೆಕ್ಕ ಮಾಡಿದ್ದು.”

“ಲೆಕ್ಕ ಸರಿಯಾಗಿದೆಯೋ?”

“ಉತ್ತರ ಸರಿಯಾಗಿದೆ. ಲೆಕ್ಕ ಸರಿಯಿಲ್ಲ ಅಂತ ನನ್ನ ಅನುಮಾನ. ಅದನ್ನೇ ನಿಮ್ಮನ್ನು ಕೇಳೋಣಾಂತ ಬಂದೆ” ಎಂದಳು.

ಮೂವತ್ತಮೂರು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಉತ್ತರ ತಪ್ಪಾಗಿ ಲೆಕ್ಕ ಸರಿಯಾಗಿದ್ದರೆ ಅರ್ಧ ಅಂಕ ಕೊಟ್ಟು ಕಳಿಸಿದ್ದೇನೆ. ಉತ್ತರ ಸರಿ, ಲೆಕ್ಕ ತಪ್ಪು ಎಂದು ತಾನಾಗಿ ಬಂದು ಹೇಳಿದ ವಿದ್ಯಾರ್ಥಿ ಒಬ್ಬನೂ ನನಗೆ ಸಿಕ್ಕಿರಲಿಲ್ಲ.

ಅವಳ ತೊಡಕು ಅರ್ಥವಾಗಬೇಕಾದರೆ ಅಲೆಗಳ ಒಂದು ಸ್ವಭಾವವನ್ನು ನೆನಪಿಗೆ ತಂದುಕೊಳ್ಳಬೇಕು. ಶೂನ್ಯದಲ್ಲಿ ವಿದ್ಯುತ್ಕಾಂತ ಅಲೆಗಳೆಲ್ಲವೂ, ಬೆಳಕಾಗಲಿ ರೇಡಿಯೋ ಆಗಲಿ, ಒಂದೇ ವೇಗದಲ್ಲಿ ಓಡುತ್ತವೆ. ಪದಾರ್ಥದೊಳಕ್ಕೆ ಕಾಲಿಟ್ಟ ಕೂಡಲೆ ಈ ಸಮಾನತೆ ಮುರಿಯುತ್ತದೆ. ನಮ್ಮ ಕಡೆಯ ಹಳ್ಳಿಗಳಿಂದ ಕೈವಾರಕ್ಕೆ ನಡೆದು ಹೋಗುವ ಒಂದು ಮನೆಯವರನ್ನು ನೆನೆಯಿರಿ. ಹೊರಡುವಾಗ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ; ಬಯಲು ದಾರಿಯಲ್ಲಿ ಒಟ್ಟಿಗೇ ಇರುತ್ತಾರೆ. ಜನಸಂದಣಿಯೊಳಗೆ ಹೊಕ್ಕಮೇಲೆ ಹುಡುಗರು ಸಂದುಗೊಂದುಗಳಲ್ಲಿ ನುಸುಳಿ ಮುಂದಾಗುತ್ತಾರೆ, ಅಜ್ಜಿ ಹಿಂದುಳಿಯುತ್ತಾಳೆ. ಗಾಜಿನೊಳಗೆ ಕೆಂಪು ಮುಂದಾಗಿ ನೇರಿಳೆ ಹಿಂದುಳಿಯುವುದು ಹೀಗೆಯೇ. ಮುಮ್ಮೂಲೆಯ ಗಾಜಿನಿಂದ ಬಣ್ಣಗಳು ಬೇರೆಬೇರೆಯಾಗಿ ಹೊರಬೀಳುವುದು ಇದರಿಂದಲೇ. ಇಂಗ್ಲಿಷಿನಲ್ಲಿ ಇದಕ್ಕೆ ಡಿಸ್ಪರ್ಶನ್ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ವರ್ಣವಿಭಜನೆ ಎಂದಿದೆ. ಕಣ್ಣಿಗೇ ಕಾಣದ ಅಲೆಗಳಿಗೆ ವರ್ಣವೆಂಬ ಮಾತು ಒಗ್ಗುವುದಿಲ್ಲವಾಗಿ ನಾನು ಇಲ್ಲಿ ಅಗಲಿಕೆ ಎಂದೇ ಕರೆಯುತ್ತೇನೆ.

ಅಗಲಿಕೆಗೆ ಕಾರಣ, ಪದಾರ್ಥಕ್ಕೆ ನೆನಪಿರುವುದು. ಹೀಗೆಂದರೆ ಕವಿತ್ವದಂತೆ ಕೇಳಿಸೀತು. ಆದರೆ ಗಣಿತ ಹೇಳುವುದು ಹೆಚ್ಚುಕಡಿಮೆ ಇದನ್ನೇ. ನಮ್ಮ ಮಾಂಸದಲ್ಲಿ ಬಹುಪಾಲು ನೀರು. ಅಲೆ ಬಂದು ತಟ್ಟಿದಾಗ ನೀರಿನ ಅಣು ಅದರ ಕಡೆಗೆ ಹೊರಳಬೇಕು. ಹೊರಳಲು ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ಅಲೆ ತಿರುಗಿ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಹೀಗಾಗಿ ಈ ಕ್ಷಣದ ಅಣುವಿನ ನಿಲುವು ಈ ಕ್ಷಣದ ಅಲೆಯೊಂದರಿಂದಲೇ ತೀರ್ಮಾನವಾಗದು. ಹಿಂದೆ ಬಂದುಹೋದ ಅಲೆಗಳೆಲ್ಲ ಅದರಲ್ಲಿ ಸ್ವಲ್ಪಸ್ವಲ್ಪ ಉಳಿದಿರುತ್ತವೆ. ಲೆಕ್ಕ ಮಾಡುವವನಿಗೆ ಇದು ದೊಡ್ಡ ಪೇಚು. ದೇಹದ ಒಂದೊಂದು ಚೂರಿಗೂ ಅದರ ಹಿಂದಿನ ಚರಿತ್ರೆಯನ್ನೆಲ್ಲ ಬರೆದಿಡುತ್ತ ಹೋದರೆ ಯಾವ ಯಂತ್ರಕ್ಕೂ ಜಾಗ ಸಾಲದು. 1990ರಲ್ಲಿ ಲುಬ್ಬರ್ಸ್ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಉಪಾಯ ತೋರಿಸಿದರು. ನಮ್ಮ ಶೆಟ್ಟರ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹತ್ತು ವರ್ಷದ ವ್ಯವಹಾರವೆಲ್ಲ ಹೊಸ ಪುಟದ ತಲೆಯಲ್ಲಿ ‘ಹಿಂದಿನ ಬಾಕಿ’ ಎಂಬ ಒಂದೇ ಅಂಕಿಯಾಗಿ ಕುಳಿತಿರುವುದಿಲ್ಲವೆ? ನೆನಪು ಒಂದು ಕ್ರಮದಲ್ಲಿ ಮಾಸುತ್ತ ಹೋಗುವಂಥದಾದರೆ ಹಾಗೆಯೇ ಪ್ರತಿ ಚೂರಿಗೂ ಒಂದು ಬಾಕಿ ಅಂಕಿಯನ್ನು ಇಟ್ಟುಕೊಂಡು, ಹೆಜ್ಜೆಹೆಜ್ಜೆಗೂ ಅದನ್ನು ತಿದ್ದುತ್ತ ಹೋದರೆ ಸಾಕು.

ಅಗಲಿಕೆಯ ದೊಡ್ಡ ನಿದರ್ಶನವನ್ನು ನಮ್ಮ ಜಿಲ್ಲೆಯವರು ದೂರ ಹುಡುಕಬೇಕಾಗಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ, ಗೌರಿಬಿದನೂರಿನ ಹತ್ತಿರ, 1976ರಿಂದ ಒಂದು ರೇಡಿಯೋ ವೀಕ್ಷಣಾಲಯವಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಕಟ್ಟಿದ್ದು. ಹಿಂದೊಮ್ಮೆ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೋಗಿದ್ದೆ. ದೂರದರ್ಶಕವೆಂದರೆ ಗುಮ್ಮಟ, ಕೊಳವೆ ಎಂದು ಎಣಿಸಿಕೊಂಡು ಬಂದ ಹುಡುಗರಿಗೆ ನಿರಾಶೆಯಾಯಿತು. ಬಯಲಿನಲ್ಲಿ ಕಂಬಗಳು, ತಂತಿಗಳು. ಒಬ್ಬ ಹುಡುಗ “ಬಟ್ಟೆ ಒಣಹಾಕೋಕೆ ಚೆನ್ನಾಗಿದೆ ಸಾರ್” ಎಂದ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳು. ಪೂರ್ವ ಪಶ್ಚಿಮದ ತೋಳೊಂದೇ ಸುಮಾರು 1.4 ಕಿಲೋಮೀಟರು. 34.5 ಮೆಗಾಹರ್ಟ್ಸಿನ ಸುತ್ತಿನ ಅಲೆಗಳಲ್ಲಿ ಅದು ಆಕಾಶವನ್ನು ಆಲಿಸಿತು.

ಆ ಬಯಲಿನಲ್ಲಿ ಆಲಿಸಿದ ತಾರೆಗಳಲ್ಲಿ ಒಂದು ಸಿಂಹರಾಶಿಯ ಕಡೆ ಇದೆ. ಪಟ್ಟಿಯಲ್ಲಿ ಅದರ ಹೆಸರು ಬಿ 0943+10. ಸುಮಾರು 1.1 ಸೆಕೆಂಡಿಗೊಮ್ಮೆ ನಾಡಿಯಂತೆ ಮಿಡಿಯುವ ತಾರೆ, ಪಲ್ಸಾರ್. ಅದರ ಒಂದು ಮಿಡಿತ ಹೊರಡುವಾಗ ಅದರ ಎಲ್ಲ ಅಲೆಗಳೂ ಒಟ್ಟಿಗೇ ಹೊರಡುತ್ತವೆ. ದಾರಿಯಲ್ಲಿ, ನಾವು ಶೂನ್ಯವೆಂದು ಕರೆಯುವ ತಾರೆಗಳ ನಡುವಿನ ಬಯಲಿನಲ್ಲಿ, ಅಲ್ಲೊಂದು ಇಲ್ಲೊಂದು ಎಲೆಕ್ಟ್ರಾನು ಅಲೆಯುತ್ತಿರುತ್ತದೆ. ಒಂದು ಘನ ಸೆಂಟಿಮೀಟರಿಗೆ ಒಂದೂ ಬೀಳುವುದಿಲ್ಲ, ಅಷ್ಟು ವಿರಳ. ಆ ವಿರಳವಾದ ಸಂದಣಿಯೇ ಸಾಕು. 35 ಮೆಗಾಹರ್ಟ್ಸಿನ ಅಲೆ ಗೌರಿಬಿದನೂರನ್ನು ಮುಟ್ಟುವ ಹೊತ್ತಿಗೆ, ಅದರೊಡನೆ ಹೊರಟ ಅತಿ ಚಿಕ್ಕ ಅಲೆಗಳು ಬಂದುಹೋಗಿ ಐವತ್ತು ಸೆಕೆಂಡಿನ ಮೇಲಾಗಿರುತ್ತದೆ. ಒಂದೇ ಮೆಗಾಹರ್ಟ್ಸ್ ಅಗಲದ ಕಿಟಕಿ ತೆರೆದು ಕುಳಿತರೂ ಅದರ ಒಂದು ಅಂಚಿಗೂ ಇನ್ನೊಂದು ಅಂಚಿಗೂ ಮೂರು ಸೆಕೆಂಡು ವ್ಯತ್ಯಾಸ. ಎಂದರೆ ಮೂರು ಮಿಡಿತಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಮಿಡಿತವೇ ಕೇಳಿಸುವುದಿಲ್ಲ.

ಆಮೇಲೆ ಗಣಕಯಂತ್ರ ಕುಳಿತು, ಹಿಂದುಳಿದ ಅಲೆಗಳನ್ನು ಅವು ಹಿಂದುಳಿದಷ್ಟೇ ಮುಂದಕ್ಕೆ ತಳ್ಳಿ, ಮನೆಯವರನ್ನೆಲ್ಲ ಮತ್ತೆ ಒಟ್ಟುಗೂಡಿಸುತ್ತದೆ. ಆಗ ಮಿಡಿತ ಎದ್ದು ಕಾಣುತ್ತದೆ. ಆದರೆ ಎಷ್ಟು ತಳ್ಳಬೇಕು? ಗೊತ್ತಿಲ್ಲದ ತಾರೆಯಾದರೆ ಬೇರೆಬೇರೆ ಅಳತೆಗಳಿಂದ ತಳ್ಳಿ ನೋಡಿ, ಯಾವುದರಿಂದ ಮಿಡಿತ ಚೂಪಾಗಿ ಕಾಣುವುದೋ ಅದನ್ನು ಆರಿಸುತ್ತಾರೆ. ಅಂದು ಇದನ್ನು ಕೇಳಿದಾಗ ನನ್ನ ಎದೆ ಸ್ವಲ್ಪ ಹಾರಿತು. ಬೇಕಾದ ಉತ್ತರ ಬರುವ ತನಕ ಅಂಕಿಗಳನ್ನು ತಳ್ಳುತ್ತ ಹೋಗುವುದೆಂದರೆ ಏನೆಂದು ನನಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಪಲ್ಸಾರಿನ ವಿಷಯದಲ್ಲಿ ಮಾತ್ರ ಈ ಭಯ ಅನವಶ್ಯಕ. ಒಮ್ಮೆ ಆರಿಸಿದ ಅಳತೆ ನಾಳೆಯೂ ಒಪ್ಪಬೇಕು. ಬೇರೆ ದೇಶದ ಬೇರೆ ದೂರದರ್ಶಕಕ್ಕೆ, ಬೇರೆ ಅಲೆಗಳಿಗೂ ಒಪ್ಪಬೇಕು. ಸಾಕ್ಷಿ ಹೇಳುವವರು ಒಬ್ಬರನ್ನೊಬ್ಬರು ಕಾಣದೆ ಬೇರೆಬೇರೆ ಊರಿನಲ್ಲಿದ್ದಾರೆ.

ಹಾಗಿದ್ದೂ ಮೋಸಹೋಗುವುದುಂಟು. ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ, ದೂರದ ಆಕಾಶದಿಂದ ಅಗಲುತ್ತ ಬಂದಂತೆಯೇ ತೋರುವ ಕೆಲವು ವಿಚಿತ್ರ ಸದ್ದುಗಳು ದೊರೆತವೆಂದು 2011ರಲ್ಲಿ ವರದಿಯಾಯಿತು. ಚಿಕ್ಕ ಅಲೆ ಮೊದಲು, ದೊಡ್ಡ ಅಲೆ ಆಮೇಲೆ, ಎಲ್ಲ ಸರಿಯಾಗಿತ್ತು. ಅನುಮಾನಕ್ಕೆ ಎಡೆಕೊಟ್ಟದ್ದು ಒಂದೇ: ಅವು ಹೆಚ್ಚಾಗಿ ಕಚೇರಿಯ ವೇಳೆಯಲ್ಲಿ, ಅದರಲ್ಲೂ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಿದ್ದವು. 2015ರಲ್ಲಿ ಗುಟ್ಟು ಬಯಲಾಯಿತು. ಅಲ್ಲಿನವರು ಊಟ ಬಿಸಿ ಮಾಡಿಕೊಳ್ಳುವ ಮೈಕ್ರೋವೇವ್ ಒಲೆಯ ಬಾಗಿಲನ್ನು, ಅದು ತಾನಾಗಿ ನಿಲ್ಲುವ ಮೊದಲೇ ತೆರೆದರೆ, ಅದರಿಂದ ಅಂಥದೊಂದು ಸದ್ದು ಹೊರಬೀಳುತ್ತಿತ್ತು. ಸ್ವಂತ ಅಡಿಗೆಮನೆಯ ಸದ್ದನ್ನು ಆಕಾಶದ್ದೆಂದು ಲೆಕ್ಕಕ್ಕೆ ಹಿಡಿದಿದ್ದರು! ಅದನ್ನು ಅವರೇ ಪತ್ತೆಮಾಡಿ ಅವರೇ ಪ್ರಕಟಿಸಿದರು. ನಕ್ಕವರು ನಕ್ಕಿರಬೇಕು, ನನಗೆ ಅವರ ಮೇಲೆ ಗೌರವ ಹೆಚ್ಚಿತು.

ಈಗ ಅಮ್ಮಣ್ಣಿಯ ಲೆಕ್ಕಕ್ಕೆ ಹಿಂತಿರುಗೋಣ. ಅಲ್ಲಿಯ ಅಡಿಗೆಮನೆ ಎಂದರೆ ಲೆಕ್ಕದ ಬಲೆಯೇ.

ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಸಮೀಕರಣಗಳು ಜಾಗದ ಒಂದೊಂದು ಬಿಂದುವಿನ ಮಾತನ್ನೂ ಆಡುತ್ತವೆ. ಬಿಂದುಗಳಿಗೆ ಲೆಕ್ಕವಿಲ್ಲ, ಯಂತ್ರಕ್ಕಾದರೋ ಲೆಕ್ಕವಿರುವಷ್ಟನ್ನೇ ಕೊಡಬೇಕು. ಆದ್ದರಿಂದ ಜಾಗದ ಮೇಲೆ ಒಂದು ಬಲೆ ಹಾಸಿ, ಅದರ ಗಂಟುಗಳಲ್ಲಿ ಮಾತ್ರ ಅಲೆಯನ್ನು ಕೇಳುತ್ತಾರೆ. ಕೇನ್ ಯೀ ಎಂಬ ಗಣಿತಜ್ಞ 1966ರಲ್ಲಿ ಇದಕ್ಕೆ ಬಹಳ ಅಚ್ಚುಕಟ್ಟಾದ ಏರ್ಪಾಡನ್ನು ಹೇಳಿದ. ವಿದ್ಯುತ್ತಿನ ಅಂಕಿ ಒಂದು ಕಡೆ, ಕಾಂತದ ಅಂಕಿ ಅರ್ಧ ಮನೆ ಆಚೆ. ಇದರಿಂದ ಅದನ್ನು, ಅದರಿಂದ ಇದನ್ನು, ಅರ್ಧರ್ಧ ಹೆಜ್ಜೆಯ ಅಂತರದಲ್ಲಿ ಲೆಕ್ಕ ಮಾಡುತ್ತ ಹೋಗುವುದು. ಏಣಿ ಹತ್ತುವವನ ಎರಡು ಕಾಲುಗಳ ಹಾಗೆ. ಜಗತ್ತಿನಲ್ಲಿ ಇಂದು ಈ ಬಗೆಯ ಲೆಕ್ಕಗಳಲ್ಲಿ ಬಹುಪಾಲು ಅದೇ ಏಣಿಯ ಮೇಲೆ ಹತ್ತುತ್ತಿವೆ.

ಆದರೆ ಬಲೆಗೆ ತನ್ನದೇ ಒಂದು ಗುಣವಿದೆ. ಗಾಜಿಲ್ಲ, ಮಾಂಸವಿಲ್ಲ, ಎಲೆಕ್ಟ್ರಾನಿಲ್ಲ. ಬರಿಯ ಶೂನ್ಯವನ್ನೇ ಬಲೆಯ ಮೇಲೆ ಹರಡಿ ಒಂದು ಅಲೆಯನ್ನು ಬಿಡಿ. ಶೂನ್ಯದಲ್ಲಿ ಅಗಲಿಕೆ ಇರಕೂಡದು. ಬಲೆಯ ಮೇಲೆ ಇರುತ್ತದೆ! ಒಂದು ಅಲೆಯ ಉದ್ದಕ್ಕೆ ಹತ್ತು ಮನೆ ಇಟ್ಟರೆ, ಸಾಮಾನ್ಯವಾಗಿ ಇಡುವ ಕಾಲದ ಹೆಜ್ಜೆಯಲ್ಲಿ, ಅಲೆ ತನ್ನ ನಿಜವಾದ ವೇಗಕ್ಕಿಂತ ನೂರಕ್ಕೆ ಸುಮಾರು ಒಂದೂಕಾಲು ಪಾಲು ಹಿಂದೆ ಬೀಳುತ್ತದೆ. ಇಪ್ಪತ್ತು ಮನೆ ಇಟ್ಟರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಇಳಿಯುತ್ತದೆಯೇ ಹೊರತು ಅಳಿಯುವುದಿಲ್ಲ. ಚಿಕ್ಕ ಅಲೆಗಳಿಗೆ ಹೆಚ್ಚು ತಡ, ದೊಡ್ಡವಕ್ಕೆ ಕಡಿಮೆ. ಅಷ್ಟೇ ಅಲ್ಲ, ಬಲೆಯ ದಾರದ ಗುಂಟ ನೇರವಾಗಿ ನಡೆಯುವ ಅಲೆ ಹೆಚ್ಚು ತಡವಾಗಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವುದು ಕಡಿಮೆ ತಡವಾಗಿ ತಲುಪುತ್ತದೆ. ದೇವರು ಮಾಡಿದ ಶೂನ್ಯಕ್ಕೆ ಪೂರ್ವ, ಪಶ್ಚಿಮ, ಈಶಾನ್ಯ ಎಂಬ ಭೇದವಿಲ್ಲ. ನಾವು ಹಾಸಿದ ಬಲೆಗಿದೆ.

ಇನ್ನು ಮಾಂಸದೊಳಗೆ ಈ ತೊಂದರೆ ಹೆಚ್ಚಾಗುತ್ತದೆ. ಅವಳು ಬಳಸುತ್ತಿರುವ 915 ಮೆಗಾಹರ್ಟ್ಸಿನ ಅಲೆ ಗಾಳಿಯಲ್ಲಿ 33 ಸೆಂಟಿಮೀಟರು ಉದ್ದ. ಸ್ನಾಯುವಿನೊಳಗೆ ಹೊಕ್ಕರೆ ಅದೇ ಅಲೆ ನಾಲ್ಕೂವರೆ ಸೆಂಟಿಮೀಟರಿಗೂ ಕಡಿಮೆಯಾಗಿ ಮುದುಡಿಕೊಳ್ಳುತ್ತದೆ. ಗಾಳಿಗೆ ನಯವಾದ ಬಲೆ ಮಾಂಸಕ್ಕೆ ಒರಟು. ಮಾಂಸಕ್ಕೆ ತನ್ನದೇ ಆದ ಅಗಲಿಕೆ ಇದೆ, ಬಲೆಗೂ ಒಂದು ಅಗಲಿಕೆ ಇದೆ. ಪರದೆಯ ಮೇಲೆ ಕಾಣುವುದು ಎರಡರ ಮೊತ್ತ. ಹಾಲು ಎಷ್ಟು, ನೀರು ಎಷ್ಟು ಎಂದು ಚಿತ್ರ ನೋಡಿ ಹೇಳುವುದಕ್ಕೆ ಆಗದು. ಬಲೆಯ ಕಣ್ಣನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಲೆಕ್ಕ ಮಾಡಬೇಕು. ಬದಲಾದದ್ದು ಬಲೆಯದು. ಬದಲಾಗದೆ ನಿಂತದ್ದು ಮಾಂಸದ್ದಿರಬಹುದು. ಇದಕ್ಕೆ ಬೆಲೆಯೂ ಸಣ್ಣದಲ್ಲ. ಉದ್ದ, ಅಗಲ, ಎತ್ತರ ಮೂರರಲ್ಲೂ ಮನೆಗಳು ಎರಡರಷ್ಟಾಗಿ ಒಟ್ಟು ಎಂಟರಷ್ಟು. ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕಾದ್ದರಿಂದ ಕೆಲಸ ಹದಿನಾರರಷ್ಟು.

ಹೀಗೆ ಲೋಕದ ಮೇಲೆ ಬಲೆ ಹಾಸಿದವರಲ್ಲಿ ಮೊದಲಿಗರೊಬ್ಬರ ನೆನಪು ನನಗೆ ಆಗಾಗ ಬರುತ್ತದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷಿನವರು ಯೂರೋಪಿನ ಭೂಪಟವನ್ನು ಮನೆಮನೆಯಾಗಿ ವಿಂಗಡಿಸಿ, 1910ರ ಮೇ 20ರ ಹವೆಯನ್ನು ಲೆಕ್ಕದಿಂದಲೇ ಪಡೆಯಬಹುದೇ ಎಂದು ನೋಡಹೊರಟರು. ಯಂತ್ರವಿಲ್ಲದ ಕಾಲ, ಎಲ್ಲ ಕೈಲೆಕ್ಕ. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದ ಕ್ವೇಕರ್ ಪಂಥದ ಅವರು ಫ್ರಾನ್ಸಿನಲ್ಲಿ ಗಾಯಾಳುಗಳ ಬಂಡಿ ನಡೆಸುತ್ತ, ಬಿಡುವಿನಲ್ಲಿ ಆ ಲೆಕ್ಕ ಮಾಡಿದರು. 1917ರ ಕದನದ ಗಲಭೆಯಲ್ಲಿ ಹಸ್ತಪ್ರತಿ ಕಳೆದುಹೋಗಿ, ಕೆಲವು ತಿಂಗಳ ಮೇಲೆ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು. ಇಷ್ಟೆಲ್ಲ ಪಾಡುಪಟ್ಟು ಬಂದ ಉತ್ತರ ಏನು? ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು. ಆ ದಿನ ನಿಜಕ್ಕೂ ವಾಯುಭಾರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಷ್ಟು ದೊಡ್ಡ ತಪ್ಪನ್ನು ಅವರು 1922ರ ತಮ್ಮ ಪುಸ್ತಕದಲ್ಲಿ, ಮುಚ್ಚುಮರೆಯಿಲ್ಲದೆ, ಮನೆಮನೆಯ ಅಂಕಿಗಳೊಡನೆ ಅಚ್ಚು ಹಾಕಿಸಿದರು. ಅಂಕಿಗಳೆಲ್ಲ ಅಲ್ಲಿದ್ದುದರಿಂದಲೇ, ತಪ್ಪು ಹೊಕ್ಕದ್ದು ಮೊದಲು ತುಂಬಿಕೊಂಡ ಅಂಕಿಗಳ ಒರಟುತನದಿಂದ ಎಂಬುದನ್ನು ಮುಂದಿನವರು ಅದೇ ಲೆಕ್ಕವನ್ನು ಮತ್ತೆ ಮಾಡಿ ತೋರಿಸಲು ಸಾಧ್ಯವಾಯಿತು. ಮೊದಲಿನ ಅಂಕಿಗಳನ್ನು ನಯಗೊಳಿಸಿದರೆ ಅವರ ದಾರಿಯಲ್ಲೇ ಒಪ್ಪತಕ್ಕ ಉತ್ತರ ಬರುತ್ತದೆ.

ಅಮ್ಮಣ್ಣಿಯದು ಇದರ ತಿರುಗುಮುರುಗಾದ ಕಷ್ಟ. ಅವಳ ಉತ್ತರ ಸರಿಯಾಗಿ ಬಂದುಬಿಟ್ಟಿತ್ತು.

ಉಪ್ಪುನೀರಿಗೆ ಅಂಟು ಪದಾರ್ಥ ಬೆರೆಸಿ, ಮಾಂಸದಂತೆ ಅಲೆಯನ್ನು ತಡೆಯುವ ಒಂದು ಜೆಲ್ಲಿಯನ್ನು ಅವರು ಮಾಡಿಕೊಳ್ಳುತ್ತಾರೆ. ಅದನ್ನು ಕಾಯಿಸಿ, ಒಳಗೆ ಉಷ್ಣಮಾಪಕಗಳನ್ನಿಟ್ಟು ಅಳೆಯಬಹುದು. ಒರಟು ಬಲೆಯಲ್ಲಿ ಅವಳು ಮಾಡಿದ ಲೆಕ್ಕ ಆ ಜೆಲ್ಲಿಯ ಉಷ್ಣತೆಯೊಡನೆ ಅರ್ಧ ಡಿಗ್ರಿಯೊಳಗೆ ಹೊಂದಿತು. ಎಲ್ಲರೂ ಸಂತೋಷಪಟ್ಟರು. ಅಭ್ಯಾಸಕ್ಕೆಂದು ಅವಳು ಬಲೆಯ ಕಣ್ಣನ್ನು ಅರ್ಧಕ್ಕಿಳಿಸಿದಳು. ಲೆಕ್ಕ ಇನ್ನಷ್ಟು ಹೊಂದಬೇಕಾಗಿತ್ತಲ್ಲವೆ? ಎರಡು ಡಿಗ್ರಿ ದೂರ ಹೋಯಿತು. ಎಲ್ಲೋ ಎರಡು ತಪ್ಪುಗಳಿದ್ದು, ಒಂದನ್ನೊಂದು ಹೊಡೆದುಹಾಕಿಕೊಂಡು, ಒರಟು ಬಲೆಯಲ್ಲಿ ಸರಿಯಾದ ಉತ್ತರ ಕೊಟ್ಟಿದ್ದವು. ಬಲೆ ನಯವಾಗಿ ಒಂದು ತಪ್ಪು ಕಡಿಮೆಯಾದ ಕೂಡಲೆ ಇನ್ನೊಂದು ತಲೆಯೆತ್ತಿತು.

“ಹೊಂದಿರೋದನ್ನೇ ಬರೆದು ಕಳಿಸು, ಪ್ರಯೋಗ ಒಪ್ಪಿದೆ, ಇನ್ನೇನು ಬೇಕು ಅಂತಾರೆ ತಾತ, ನಮ್ಮ ಹಿರಿಯರೊಬ್ಬರು” ಎಂದಳು.

ಈ ಮಾತನ್ನು ತಟಕ್ಕನೆ ತಳ್ಳಿಹಾಕುವಂತಿಲ್ಲ. ಆಡಿದವರು ಅಪ್ರಾಮಾಣಿಕರೆಂದೂ ನಾನು ಎಣಿಸುವುದಿಲ್ಲ. ಎಲ್ಲ ಬಲೆಯೂ ಒರಟೇ. ಪರಿಪೂರ್ಣವಾದ ಬಲೆ ಸಿಗುವ ತನಕ ಕಾಯುತ್ತೇನೆಂದರೆ ಯಾವ ರೋಗಿಗೂ ಚಿಕಿತ್ಸೆಯಾಗದು, ಯಾವ ಸೇತುವೆಯೂ ಏಳದು. ಲೋಕದ ಒಪ್ಪಿಗೆಗಿಂತ ದೊಡ್ಡ ಪ್ರಮಾಣ ಯಾವುದು ಎಂದು ಅವರು ಕೇಳಿದರೆ, ಮೂವತ್ತಮೂರು ವರ್ಷ ‘ಪ್ರಯೋಗವೇ ಪ್ರಮಾಣ’ ಎಂದು ಕರಿಹಲಗೆಯ ಮೇಲೆ ಬರೆದ ನನ್ನ ಹತ್ತಿರ ಥಟ್ಟನೆ ಉತ್ತರವಿಲ್ಲ.

ಆದರೆ ಶ್ರೀಹರ್ಷನ ಮನುಷ್ಯನನ್ನು ನೆನೆದುಕೊಂಡೆ. ಮಂಜು ಕಂಡು ಬೆಂಕಿ ಎಂದ, ಬೆಂಕಿ ಇತ್ತು. ಆ ಬೆಟ್ಟದ ಮಟ್ಟಿಗೆ ಯಾರಿಗೂ ನಷ್ಟವಿಲ್ಲ. ನಾಳೆ ಅವನು ಇನ್ನೊಂದು ಬೆಟ್ಟದ ಮುಂದೆ ನಿಂತು ಅದೇ ಕಣ್ಣಿನಿಂದ ನೋಡಿ ಅದೇ ಮಾತು ಆಡುತ್ತಾನೆ. ಚಳಿಯಲ್ಲಿ ನಡುಗುವವರು ಅವನನ್ನು ನಂಬಿ ಬೆಟ್ಟ ಹತ್ತುತ್ತಾರೆ. ಜೆಲ್ಲಿಯಲ್ಲಿ ಎರಡು ತಪ್ಪುಗಳು ಸರಿಸಮನಾಗಿ ಹೊಡೆದುಹೋದವು. ಜೆಲ್ಲಿಯಲ್ಲಿ ಕೊಬ್ಬಿಲ್ಲ, ಮೂಳೆಯಿಲ್ಲ, ರಕ್ತ ಹರಿಯುವುದಿಲ್ಲ. ನಾಳೆ ಮಲಗುವ ಹೆಂಗಸಿನ ತೊಡೆಯಲ್ಲಿ ಎರಡು ಬೆರಳು ಹೆಚ್ಚು ಕೊಬ್ಬಿದ್ದರೆ, ಅಲ್ಲಿಯೂ ಅವು ಹಾಗೆಯೇ ಹೊಡೆದುಹೋಗುತ್ತೇವೆಂದು ಮಾತು ಕೊಟ್ಟಿವೆಯೆ? ಆ ಹೆಂಗಸು ಲೆಕ್ಕವನ್ನು ಕಾಣಳು. ಅವಳಿಗೆ ತೋರಿಸುವುದು ಅರ್ಧ ಡಿಗ್ರಿಯ ಹೊಂದಿಕೆಯನ್ನು ಮಾತ್ರ.

“ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ತಾತ?” ಎಂದು ಅವಳು ಕೇಳಿದಳು.

ಮುದುಕರಿಗೆ ಇಂಥ ಪ್ರಶ್ನೆ ಬಂದರೆ ಉಪದೇಶ ತಾನಾಗಿ ಬಾಯಿಗೆ ಬರುತ್ತದೆ. ನಾನು ಸುಮ್ಮನಿದ್ದೆ. ನಾನಾಗಿದ್ದಾಗ ಏನು ಮಾಡಿದೆನೆಂಬುದು ನನಗೆ ಗೊತ್ತಿತ್ತು. ಆಗಲೇ ಹೇಳದೆ ಬಿಟ್ಟ ವಿಷಯ ಇದು. ಅವಳಿಗೆ ಅಂದು ಹೇಳಿದೆ, ಇಲ್ಲಿಯೂ ಬರೆದುಬಿಡುತ್ತೇನೆ.

1966. ನಾನು ಬಿ.ಎಸ್‌ಸಿ. ವಿದ್ಯಾರ್ಥಿ. ಯೀ ತನ್ನ ಬಲೆಯನ್ನು ಪ್ರಕಟಿಸಿದ್ದೂ ಅದೇ ವರ್ಷವೆಂದು ಅಮ್ಮಣ್ಣಿಯಿಂದ ಕೇಳಿ ತಿಳಿದಾಗ ಒಂದು ಬಗೆಯಾಯಿತು. ಪ್ರಯೋಗಶಾಲೆಯಲ್ಲಿ ಮುಮ್ಮೂಲೆಯ ಗಾಜಿನ ಅಗಲಿಕೆಯನ್ನು ಅಳೆಯುವ ಪ್ರಯೋಗ. ಪಾದರಸದ ದೀಪ, ಕತ್ತಲೆ ಮೂಲೆ, ಕಣ್ಣಿಗೆ ದೂರದರ್ಶಕ. ಪೆಟ್ಟಿಗೆಯ ಮೇಲೆ ಕ್ರೌನ್ ಗಾಜು ಎಂದು ಚೀಟಿ ಅಂಟಿಸಿತ್ತು. ಆ ಗಾಜಾದರೆ ಬೆಳಕು ಸುಮಾರು 38 ಡಿಗ್ರಿ ಬಾಗಬೇಕು. ನನಗೆ 48 ಬಂತು. ಮತ್ತೆ ನೋಡಿದೆ, ಮತ್ತೆ 48. ನೇರಳೆಗೂ ಹಳದಿಗೂ ನಡುವಿನ ಅಂತರವೂ ಹೆಚ್ಚಾಗಿತ್ತು. ಉಪಕರಣ ಹೊಂದಿಸುವುದರಲ್ಲಿ ನನ್ನದೇ ಏನೋ ಎಡವಟ್ಟಾಗಿದೆ ಎಂದುಕೊಂಡೆ. ಗಂಟೆ ಹೊಡೆಯಲು ಸ್ವಲ್ಪವೇ ಹೊತ್ತಿತ್ತು. ಹಿಂದಿನ ವರ್ಷದವರೊಬ್ಬರ ಪುಸ್ತಕ ನನ್ನ ಚೀಲದಲ್ಲಿತ್ತು. ಪೆನ್ಸಿಲಿನಲ್ಲಿ ಬರೆದ ನನ್ನ ಅಂಕಿಗಳನ್ನು ರಬ್ಬರಿನಿಂದ ಉಜ್ಜಿ, ಅವರ ಅಂಕಿಗಳನ್ನು ಇಳಿಸಿಕೊಂಡೆ. ನಕಲೆಂದು ತಿಳಿಯದಿರಲಿ ಎಂದು ಅಲ್ಲಲ್ಲಿ ಎರಡು ಮೂರು ಮಿನಿಟು ಆಚೀಚೆ ಮಾಡಿದೆ. ಇಪ್ಪತ್ತಕ್ಕೆ ಹದಿನೆಂಟು ಬಂತು.

ಮುಂದಿನ ವಾರ ಅದೇ ಮೇಜಿಗೆ, ಅದೇ ಗಾಜಿನ ಮುಂದೆ, ಇನ್ನೊಬ್ಬ ಹುಡುಗ ಕುಳಿತ. ಅವನಿಗೂ 48 ಬಂತು. ಮೂರು ಸಲ ಅಳೆದು, 48 ಎಂದೇ ಬರೆದು, ಎದ್ದುಹೋಗಿ ಹೇಳಿದ. ಸರಿಯಾಗಿ ಬೈಸಿಕೊಂಡ. ಅಷ್ಟರಲ್ಲಿ ಪ್ರಯೋಗಶಾಲೆಯ ಹಳೆಯ ಅಟೆಂಡರ್ ಬಂದು, ಆ ಗಾಜನ್ನು ಎತ್ತಿ ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ, “ಇದು ಅದಲ್ಲ ಸಾರ್, ಭಾರ ಇದೆ. ಇನ್ನೊಂದು ಪೆಟ್ಟಿಗೇದು” ಎಂದ. ಫ್ಲಿಂಟ್ ಗಾಜು, ಸೀಸ ಸೇರಿದ್ದು. ಯಾರೋ ಪೆಟ್ಟಿಗೆ ಅದಲುಬದಲು ಮಾಡಿಟ್ಟಿದ್ದರು. ನಾನು ಕಂಡದ್ದೇ ನಿಜವಾಗಿತ್ತು.

ಅಂದಿನಿಂದ ನನ್ನನ್ನು ಕೊರೆದದ್ದು ನಕಲು ಮಾಡಿದ್ದಷ್ಟೇ ಅಲ್ಲ. ನಕಲು ಮಾಡುವಾಗ ನಾನು ನನ್ನನ್ನು ವಿನಯವಂತನೆಂದು ತಿಳಿದಿದ್ದೆ. ತಪ್ಪು ನನ್ನದು, ಪುಸ್ತಕದ್ದಲ್ಲ ಎಂದು ತಲೆಬಾಗಿದ್ದೆ. ಪಾರ್ಕ್ಸಿನವರು ತಮ್ಮ ಅಡಿಗೆಮನೆಯನ್ನು ಆಕಾಶವೆಂದು ಭ್ರಮಿಸಿದರು; ನಾನು ಕಣ್ಣೆದುರಿಗೆ ಬಂದ ಲೋಕವನ್ನು ನನ್ನ ಎಡವಟ್ಟೆಂದು ಭ್ರಮಿಸಿ ಉಜ್ಜಿಹಾಕಿದೆ. ವ್ಯತ್ಯಾಸ ಕಂಡಾಗಲೆಲ್ಲ ತಾನೇ ಸರಿ ಎನ್ನುವವನಿಗೂ ತಾನೇ ತಪ್ಪು ಎನ್ನುವವನಿಗೂ ಒಂದು ಸೌಕರ್ಯವಿದೆ: ಇಬ್ಬರೂ ಗಾಜನ್ನು ಕೈಯಲ್ಲಿ ಎತ್ತಿ ನೋಡುವ ಶ್ರಮದಿಂದ ಪಾರಾಗುತ್ತಾರೆ.

ಅಮ್ಮಣ್ಣಿ ಎಲ್ಲವನ್ನೂ ಕೇಳಿ, ನಾನು ಎದುರು ನೋಡದಿದ್ದ ಒಂದು ಪ್ರಶ್ನೆ ಕೇಳಿದಳು. “ಆ ಹುಡುಗನಿಗೆ ಎಷ್ಟು ಬಂತು ತಾತ?”

“ಹದಿನಾರು” ಎಂದೆ. “ಪುಸ್ತಕ ಅಚ್ಚುಕಟ್ಟಾಗಿರಲಿಲ್ಲವಂತೆ.”

ಅವಳು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಪರದೆಯ ಕಡೆ ನೋಡುತ್ತ ಕುಳಿತು, “ಜೆಲ್ಲಿಯ ಗುಣವನ್ನು ನಾನು ಕೋಷ್ಟಕದಿಂದ ತೆಗೆದುಕೊಂಡೆ. ಅದು ಹೊಸದಾಗಿ ಕಲಸಿದ ಜೆಲ್ಲಿಗೆ ಅನ್ವಯಿಸೋದು. ನಮ್ಮದು ಎರಡು ತಿಂಗಳ ಹಳೇದು. ಅದನ್ನು ಅಳೆದೇ ಇಲ್ಲ” ಎಂದಳು. ನನಗೆ ಹೇಳಿದ್ದೋ ತನಗೆ ತಾನೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಸಂಜೆಯ ಬಸ್ಸಿಗೆ ಹೊರಡುವಾಗ ಅವರ ಅಜ್ಜಿಗೆಂದು ಒಂದು ಚೀಲ ಟೊಮೆಟೋ ಕಟ್ಟಿಕೊಟ್ಟೆವು.

ಗುರುವಾರ ಫೋನು ಮಾಡಿದಳು. ಜೆಲ್ಲಿಯನ್ನು ಅಳೆಯಲು ಬೇರೊಂದು ಪ್ರಯೋಗಶಾಲೆಯ ಉಪಕರಣ ಬೇಕಂತೆ, ಸರದಿಯಲ್ಲಿ ಹೆಸರು ಬರೆಸಿದ್ದಾಳೆ. ಇನ್ನೂ ನಯವಾದ ಬಲೆಯಲ್ಲಿ ಲೆಕ್ಕವನ್ನೂ ಹಚ್ಚಿದ್ದಾಳೆ. ಹನ್ನೊಂದು ದಿನ ಓಡಬೇಕು. ಹಿರಿಯರು ಸ್ವಲ್ಪ ಬೇಸರ ಮಾಡಿಕೊಂಡರಂತೆ. ಅಳತೆ ಬಂದಮೇಲೂ ಆ ಎರಡು ಡಿಗ್ರಿ ಹಾಗೆಯೇ ಉಳಿದರೆ ಏನು ಮಾಡುತ್ತೀಯೆ ಎಂದೆ. “ಹಾಗೇ ಬರೀತೀನಿ ತಾತ, ಎರಡು ಬಲೇದೂ” ಎಂದಳು.

ನನ್ನ 1966ರ ಆ ಪುಸ್ತಕ ಮೇಲಟ್ಟದ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಅವಳು ಫೋನು ಇಟ್ಟಮೇಲೆ ಇಳಿಸಿ ನೋಡಿದೆ. ನಾನು ಕಂಡ ಅಂಕಿಗಳನ್ನು ಪಕ್ಕದಲ್ಲಿ ಬರೆದು, ತಾರೀಖು ಹಾಕಿಡೋಣವೆಂದುಕೊಂಡೆ. ಡಿಗ್ರಿ ನೆನಪಿದೆ, ಮಿನಿಟುಗಳು ನೆನಪಿಲ್ಲ. ನೇರಳೆಯ ಗೆರೆಯ ಅಂಕಿಯಂತೂ ಒಂದೂ ನೆನಪಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ, ಉಜ್ಜಿದ ಜಾಗದಲ್ಲಿ, ಮೊದಲ ಸಾಲಿನ ಆರಂಭದ ಒಂದು 4 ಮಾತ್ರ ಕಾಣುತ್ತದೆ.